ಬಾಗಿಲಲ್ಲಿ ನಿಂತವರೊಡನೆ ನಾವು ಆಡುವ ಮಾತು: ಮೈಸೂರಿನ ಸಭಾಂಗಣಗಳ ಸ್ವಯಂಸೇವೆಯ ಕುರಿತು ಒಂದು ಚರ್ಚೆ

ಮೂಲ ಬರಹ: ಸ್ವಯಂಸೇವಕಿ, ಕುವೆಂಪುನಗರ

ಮೈಸೂರಿನಲ್ಲಿ ನಾಟಕ, ಸಂಗೀತ, ನೃತ್ಯದ ಕಾರ್ಯಕ್ರಮಗಳಿಗೆ ಕೈಜೋಡಿಸುವ ಜನರಿಗೆ ಬರವಿಲ್ಲ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ಆರಂಭವಾದಂದಿನಿಂದ ಕಲಾಮಂದಿರದ ಆವರಣದಲ್ಲಿ ನಾಟಕ ನೋಡುತ್ತಲೇ ಬೆಳೆದ ಒಂದು ತಲೆಮಾರೇ ಇಲ್ಲಿದೆ. ಬಹುರೂಪಿ ನಾಟಕೋತ್ಸವ ಬಂತೆಂದರೆ ಭೂಮಿಗೀತ, ವನರಂಗ ಎಂಬ ಅಲ್ಲಿಯ ರಂಗಮಂದಿರಗಳ ನಡುವೆ ಓಡಾಡುತ್ತ ಪ್ರೇಕ್ಷಕರಿಗೆ ದಾರಿ ತೋರಿಸುವ ಹುಡುಗ ಹುಡುಗಿಯರು ಕಾಣುತ್ತಾರೆ. ವಿ.ವಿ. ಮೊಹಲ್ಲಾದ 8ನೇ ಕ್ರಾಸಿನಲ್ಲಿ 1962ರಿಂದ ನಡೆದುಬಂದಿರುವ ಗಣೇಶೋತ್ಸವದ ಸಂಗೀತ ಕಛೇರಿಗಳಂಥವು ಹೀಗೆ ಕೈಜೋಡಿಸುವವರಿಲ್ಲದೆ ನಡೆಯುವಂಥವೇ ಅಲ್ಲ. ನಾನೂ ಹಲವು ವರ್ಷಗಳಿಂದ ನಗರದ ಬೇರೆ ಬೇರೆ ಸಭಾಂಗಣಗಳಲ್ಲಿ ಬಾಗಿಲಲ್ಲಿ ನಿಲ್ಲುವ, ಆಸನ ತೋರಿಸುವ, ಕಲಾವಿದರಿಗೆ ನೀರು ಕಾಫಿ ಒದಗಿಸುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಆ ಕೆಲಸದ ಸಂತೋಷವನ್ನು ಬಲ್ಲವರು ಇಲ್ಲಿ ಬಹಳ ಮಂದಿ ಇದ್ದಾರೆ. ಬಾಗಿಲಲ್ಲಿ ನಿಂತವರಿಗೆ ಮಾತ್ರ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯನ್ನು ನಾನು ಚರ್ಚೆಗೆ ಇಡುತ್ತಿದ್ದೇನೆ.

ನಮ್ಮ ಪ್ರೇಕ್ಷಕರು ನನ್ನೊಡನೆ ಆಡುವ ಮಾತೇ ಬೇರೆ, ನನ್ನ ಪಕ್ಕದಲ್ಲಿ ಅದೇ ಬಾಗಿಲನ್ನು ಕಾಯುತ್ತಿರುವ ಗುತ್ತಿಗೆಯ ಸೆಕ್ಯುರಿಟಿ ಸಿಬ್ಬಂದಿಯೊಡನೆ ಆಡುವ ಮಾತೇ ಬೇರೆ. ಚಿಕ್ಕ ರಂಗಮಂದಿರದಲ್ಲಿ ಮೂರನೇ ಬೆಲ್ ಆದ ಮೇಲೆ ಬಾಗಿಲು ಹಾಕಲೇಬೇಕಾಗುತ್ತದೆ, ಏಕೆಂದರೆ ಹೊರಗಿನ ಟ್ಯೂಬ್‌ಲೈಟಿನ ಬೆಳಕು ಒಳಗೆ ಬಿದ್ದರೆ ರಂಗದ ಮೇಲಿನ ಕತ್ತಲೆ ಕೆಡುತ್ತದೆ ಮತ್ತು ಎಷ್ಟೋ ನಾಟಕಗಳಲ್ಲಿ ನಟರು ಪ್ರೇಕ್ಷಕರ ನಡುವಿನ ಹಾದಿಯಿಂದಲೇ ಪ್ರವೇಶಿಸುತ್ತಾರೆ. ತಡವಾಗಿ ಬಂದ ಮಧ್ಯವಯಸ್ಕರೊಬ್ಬರಿಗೆ ನಮ್ಮ ಬಾಗಿಲಿನ ಸೆಕ್ಯುರಿಟಿಯವರು, ಅವರಿಗಿಂತ ಹತ್ತಿಪ್ಪತ್ತು ವರ್ಷ ಹಿರಿಯರು, ಇದನ್ನೇ ವಿನಯದಿಂದ ಹೇಳಿದರು. ಉತ್ತರವಾಗಿ ಬಂದದ್ದು ಏಕವಚನದ ಬೈಗುಳ: "ನೀನ್ಯಾವನೋ ಕೇಳೋಕೆ? ತೆಗಿ ಬಾಗಿಲು." ನಾನು ಹತ್ತಿರ ಹೋಗಿ ಅದೇ ಮಾತನ್ನು ಹೇಳಿದಾಗ ಆ ಮಹನೀಯರ ದನಿ ಇಳಿಯಿತು. "ಹೌದಾ ಮೇಡಂ, ಗೊತ್ತಿರಲಿಲ್ಲ, ಮಧ್ಯಂತರದಲ್ಲಿ ಬರುತ್ತೇನೆ ಬಿಡಿ" ಎಂದು ಹೊರಗಿನ ಕಟ್ಟೆಯ ಮೇಲೆ ಕುಳಿತರು. ನಾನು ಹೊಸದೇನನ್ನೂ ಹೇಳಿರಲಿಲ್ಲ. ನನ್ನ ಕೊರಳಿನಲ್ಲಿ ಹೆಸರು ಬರೆದ ಬ್ಯಾಡ್ಜ್ ಇತ್ತು. ಹಿರಿಯರ ಅಂಗಿಯ ಬೆನ್ನಿನ ಮೇಲೆ ಗುತ್ತಿಗೆ ಸಂಸ್ಥೆಯ ಹೆಸರಿತ್ತು.

ಆ ಪ್ರೇಕ್ಷಕರು ಸ್ವಭಾವತಃ ಒರಟರೆಂದು ನಾನು ಭಾವಿಸುವುದಿಲ್ಲ, ಮರುಕ್ಷಣವೇ ನನ್ನೊಡನೆ ಸೌಜನ್ಯದಿಂದ ನಡೆದುಕೊಂಡವರು ಅವರೇ ತಾನೆ. ಎದುರಿಗಿರುವವರು ತಿರುಗಿ ಮಾತನಾಡಬಲ್ಲರೋ ಇಲ್ಲವೋ, ಯಾರಿಗಾದರೂ ದೂರು ಹೇಳಬಲ್ಲರೋ ಇಲ್ಲವೋ ಎಂಬುದನ್ನು ಕ್ಷಣಾರ್ಧದಲ್ಲಿ ಅಳೆದು ಅದಕ್ಕೆ ತಕ್ಕಂತೆ ದನಿಯನ್ನು ಏರಿಸಿ ಇಳಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ ಎಂದು ತೋರುತ್ತದೆ. ಹಾಗಿದ್ದಲ್ಲಿ ತಿರುಗಿ ಮಾತನಾಡಬಲ್ಲ ಸ್ವಯಂಸೇವಕರಾದ ನಮ್ಮ ಕರ್ತವ್ಯವೇನು? ಬಾಗಿಲಲ್ಲಿ ನಿಂತ ಅನುಭವವಿರುವವರೂ, ಕೂಲಿಗಾಗಿ ನಿಂತವರೂ ದಯವಿಟ್ಟು ಬರೆಯಬೇಕು.

ಪ್ರತಿಕ್ರಿಯೆ: ನಿವೃತ್ತ ಶಿಕ್ಷಕಿ, ಸರಸ್ವತಿಪುರಂ

ಪ್ರೇಕ್ಷಕರ ಪರವಾಗಿ ಒಂದೆರಡು ಮಾತು ಹೇಳಲು ಅನುಮತಿ ಕೊಡಿ. ನಮ್ಮಲ್ಲಿ ಆಮಂತ್ರಣ ಪತ್ರಿಕೆಯ ಮೇಲೆ ಸಂಜೆ ಆರು ಎಂದು ಅಚ್ಚಾಗಿರುತ್ತದೆ, ಅತಿಥಿಗಳು ಬರುವ ಹೊತ್ತಿಗೆ ಏಳಾಗಿರುತ್ತದೆ, ಹೀಗಾಗಿ ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸವನ್ನು ಪ್ರೇಕ್ಷಕರಿಂದ ಬಿಡಿಸಿದವರು ಆಯೋಜಕರೇ. ನಾಟಕದವರು ಮಾತ್ರ ಗಂಟೆ ಹೊಡೆದಂತೆ ಆರಂಭಿಸುತ್ತಾರೆ. ಮಂಡಿನೋವಿನ ಪತಿಯನ್ನು ಕೈಹಿಡಿದು ಕರೆತಂದ ನನ್ನಂಥವರಿಗೆ ಬಾಗಿಲು ಮುಚ್ಚಿದ್ದು ಕಂಡಾಗ ಬೇಸರವಾಗುವುದು ಸಹಜ.

ಆದರೂ ಆ ಬೇಸರವನ್ನು ಯಾರ ಮೇಲೆ ತೀರಿಸಿಕೊಳ್ಳುತ್ತೇವೆ ಎಂಬ ತಮ್ಮ ಪ್ರಶ್ನೆ ನ್ಯಾಯವಾದದ್ದು. ಒಂದು ವಿಷಯವನ್ನು ನಾನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ನಮ್ಮ ಸಭೆಗಳ ವಂದನಾರ್ಪಣೆ ಎಷ್ಟು ಉದ್ದವಾಗಿರುತ್ತದೆಂಬುದು ತಮಗೆಲ್ಲ ಗೊತ್ತು: ಅಧ್ಯಕ್ಷರು, ಉದ್ಘಾಟಕರು, ದಾನಿಗಳು, ಹಾರ ತುರಾಯಿ ಒದಗಿಸಿದವರು, ಧ್ವನಿವರ್ಧಕದವರು, ಪತ್ರಿಕಾ ಮಿತ್ರರು, ಎಲ್ಲರ ಹೆಸರೂ ಬರುತ್ತದೆ. ಅದು ನಡೆಯುತ್ತಿರುವಾಗಲೇ ಪಕ್ಕದ ಬಾಗಿಲಲ್ಲಿ ಪೊರಕೆ ಹಿಡಿದು, ಜನ ಎದ್ದುಹೋಗುವುದನ್ನೇ ಕಾಯುತ್ತ ನಿಂತಿರುವ ಹೆಂಗಸರ ಹೆಸರು ಯಾವ ಸಭೆಯಲ್ಲೂ ಬಂದದ್ದನ್ನು ನಾನು ಕೇಳಿಲ್ಲ. ನಾಟಕದವರಲ್ಲಿ ಒಳ್ಳೆಯ ಪದ್ಧತಿಯಿದೆ. ಪ್ರದರ್ಶನ ಮುಗಿದ ಮೇಲೆ ಬೆಳಕು, ರಂಗಸಜ್ಜಿಕೆ, ಪ್ರಸಾಧನದವರನ್ನೆಲ್ಲ ವೇದಿಕೆಗೆ ಕರೆದು ಪರಿಚಯಿಸುತ್ತಾರೆ. ಆ ಸಾಲಿನಲ್ಲಿ ಸಭಾಂಗಣ ಗುಡಿಸುವವರೂ ನಿಂತರೆ ಪ್ರೇಕ್ಷಕರ ಕಣ್ಣು ತೆರೆಯಬಹುದು ಎಂಬುದು ನನ್ನ ಸಲಹೆ.

ಪ್ರತಿಕ್ರಿಯೆ: ಹಿಂದೆ ಸೆಕ್ಯುರಿಟಿ ಕೆಲಸದಲ್ಲಿದ್ದವರು, ಹೂಟಗಳ್ಳಿ

ನಾನು ಕೆಲವು ವರ್ಷ ಸಭಾಂಗಣವೊಂದರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದವನು, ಈಗ ಬೇರೆ ಉದ್ಯೋಗದಲ್ಲಿದ್ದೇನೆ. ಮೂಲ ಬರಹದಲ್ಲಿ ಮೇಡಂ ಅವರು ಪ್ರೇಕ್ಷಕರ ಬಗ್ಗೆ ಬರೆದಿದ್ದಾರೆ. ಪ್ರೇಕ್ಷಕರ ಬೈಗುಳ ಒಂದು ನಿಮಿಷದ್ದು, ಅವರು ಒಳಗೆ ಹೋದ ಮೇಲೆ ಅದು ಮುಗಿಯುತ್ತದೆ. ನಮ್ಮನ್ನು ಹೆಚ್ಚು ನೋಯಿಸುತ್ತಿದ್ದವರು ಆಯೋಜಕರು.

ಕಾರ್ಯಕ್ರಮಕ್ಕೆ ಮೊದಲು "ಪಾಸ್ ಇಲ್ಲದವರನ್ನು ಯಾರೇ ಆಗಲಿ ಬಿಡಬೇಡ" ಎಂದು ಹೇಳಿ ಹೋಗುತ್ತಾರೆ. ನಾವು ಆ ಮಾತನ್ನು ನಂಬಿ ಒಬ್ಬರನ್ನು ತಡೆಯುತ್ತೇವೆ. ಅವರು ನಿಂತಲ್ಲಿಂದಲೇ ಯಾರಿಗೋ ಫೋನ್ ಮಾಡುತ್ತಾರೆ. ಎರಡು ನಿಮಿಷದಲ್ಲಿ ಅದೇ ಆಯೋಜಕರು ಓಡಿಬಂದು, ಕೈಮುಗಿದು ಅವರನ್ನು ಒಳಗೆ ಕರೆದುಕೊಂಡು ಹೋಗಿ, ಹೋಗುತ್ತ ನಮ್ಮ ಕಡೆ ತಿರುಗಿ "ಯಾರು ಏನು ಅಂತ ನೋಡಿ ಮಾತಾಡೋದು ಗೊತ್ತಾಗಲ್ವಾ ನಿನಗೆ?" ಎಂದು ಎಲ್ಲರೆದುರು ಗದರಿಸುತ್ತಾರೆ. ಇದನ್ನು ಕ್ಯೂನಲ್ಲಿ ನಿಂತ ಉಳಿದವರೆಲ್ಲ ನೋಡಿರುತ್ತಾರೆ. ಇನ್ನು ಆ ಸಂಜೆ ನಮ್ಮ ಮಾತಿಗೆ ಬೆಲೆ ಕೊಡುವವರು ಯಾರು?

ಇನ್ನೊಂದು ವಿಷಯ ಕುರ್ಚಿಯದು. ಮಧ್ಯಾಹ್ನ ಎರಡಕ್ಕೆ ಬಾಗಿಲಿಗೆ ಬಂದರೆ ರಾತ್ರಿ ಹತ್ತರವರೆಗೆ ನಿಂತೇ ಇರಬೇಕು. ಒಳಗೆ ನೂರಾರು ಕುರ್ಚಿ ಸಂಜೆಯವರೆಗೆ ಖಾಲಿ ಇರುತ್ತವೆ. ನಾವು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರೆ, ಕೆಲಸ ಮಾಡದೆ ಕುಳಿತಿದ್ದಾರೆಂದು ಫೋಟೋ ತೆಗೆದು ಸೂಪರ್‌ವೈಸರ್‌ಗೆ ಕಳುಹಿಸಿದವರಿದ್ದಾರೆ. ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸುವ ಯೋಚನೆಯನ್ನು ಮಾಡಿದ ಅಮ್ಮನವರ ಮನಸ್ಸು ದೊಡ್ಡದು, ಅವರಿಗೆ ನನ್ನ ನಮಸ್ಕಾರ. ಆದರೆ ನಮ್ಮೊಡನೆ ಇದ್ದ ಅಕ್ಕಂದಿರು ಕೇಳುತ್ತಿದ್ದದ್ದು ಒಂದೇ: "ಇವತ್ತು ಎಷ್ಟು ಹೊತ್ತಿಗೆ ಮುಗೀತದೆ?" ಭಾಷಣಗಳು ಎಳೆದು ಕೊನೆಯ ಸಿಟಿ ಬಸ್ಸು ಹೋಗಿಬಿಟ್ಟರೆ ಕೆಸರೆಯ ಕಡೆಗೆ ಹೋಗಬೇಕಾದವರು ಆಟೊಗೆ ಕೊಡುವ ಹಣದಲ್ಲಿ ಆ ದಿನದ ಕೂಲಿಯ ದೊಡ್ಡ ಪಾಲು ಕರಗಿಹೋಗುತ್ತಿತ್ತು.

ಪ್ರತಿಕ್ರಿಯೆ: ಕಾರ್ಮಿಕ ಕಾನೂನು ಓದುವವರು, ಮಾನಸಗಂಗೋತ್ರಿ

ಕುರ್ಚಿಯ ವಿಷಯ ಸಣ್ಣದಲ್ಲ. ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಮಹಿಳೆಯರು ಹೋರಾಡಿದ ಮೇಲೆ ಕೇರಳ ಸರ್ಕಾರ 2018ರಲ್ಲಿ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ನೌಕರರಿಗೆ ಕುಳಿತುಕೊಳ್ಳುವ ವ್ಯವಸ್ಥೆ ಕಲ್ಪಿಸುವುದನ್ನು ಮಾಲೀಕರ ಹೊಣೆಯಾಗಿಸಿತು. 2021ರಲ್ಲಿ ತಮಿಳುನಾಡು ಇದೇ ಬಗೆಯ ತಿದ್ದುಪಡಿ ಮಾಡಿತು. ನೆರೆಯ ಎರಡು ರಾಜ್ಯಗಳಲ್ಲಿ ಶಾಸನಸಭೆಯೇ ಕುಳಿತು ಚರ್ಚಿಸಿದ ವಿಷಯವಿದು ಎಂದಮೇಲೆ, ಬಾಗಿಲ ಬಳಿ ಒಂದು ಕುರ್ಚಿ ಹಾಕುವುದಕ್ಕೆ ನಮ್ಮ ಕಲಾ ಸಂಸ್ಥೆಗಳು ಕಾನೂನಿಗಾಗಿ ಕಾಯಬೇಕಾಗಿಲ್ಲ.

ಗುತ್ತಿಗೆಯ ಪದ್ಧತಿಯಿಂದ ಇನ್ನೊಂದು ತೊಡಕೂ ಉಂಟಾಗುತ್ತದೆ. ಸಭಾಂಗಣವನ್ನು ನಡೆಸುವವರು ಒಬ್ಬರು, ಸಿಬ್ಬಂದಿಯನ್ನು ಒದಗಿಸುವ ಗುತ್ತಿಗೆದಾರರು ಇನ್ನೊಬ್ಬರು, ಸಂಜೆಯ ಮಟ್ಟಿಗೆ ಬಾಡಿಗೆಗೆ ಪಡೆದು ಅಪ್ಪಣೆ ಕೊಡುವವರು ಮತ್ತೊಬ್ಬರು. ಪ್ರೇಕ್ಷಕರು ಅವಮಾನಿಸಿದರೆ ಆ ಕೆಲಸಗಾರರು ಈ ಮೂವರಲ್ಲಿ ಯಾರ ಬಳಿ ಹೋಗಬೇಕು? ಮೂವರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ತಿರುಗಿ ಮಾತನಾಡುವ ಶಕ್ತಿಯ ಬಗ್ಗೆ ಮೂಲ ಬರಹದಲ್ಲಿ ಬಂದ ಮಾತಿನ ಬುಡ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಪ್ರತಿಕ್ರಿಯೆ: ಎನ್‌ಎಸ್‌ಎಸ್ ವಿದ್ಯಾರ್ಥಿ, ಮಂಡ್ಯ

ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ನಾವು ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು, ಅದರ ಕೊನೆಗೆ ನಮಗೆ ಪ್ರಮಾಣಪತ್ರವಿದೆ. 2024ರ ಡಿಸೆಂಬರ್ 20ರಿಂದ 22ರವರೆಗೆ ನಮ್ಮ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಜನರಿಗೆ ದಾರಿ ತೋರಿಸುವ ಕೆಲಸದಲ್ಲಿದ್ದೆ. ಹೊರ ಜಿಲ್ಲೆಗಳಿಂದ ಬಂದ ಹಿರಿಯರು "ಯಾವ ಕಾಲೇಜು ಮಗಾ, ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದರು. ಅದೇ ದಾರಿಯಲ್ಲಿ ಕಸ ಆಯುತ್ತಿದ್ದವರನ್ನು ಹಾಗೆ ವಿಚಾರಿಸಿದ್ದನ್ನು ನಾನು ಕಾಣಲಿಲ್ಲ, ಅವರು ನಮಗಿಂತ ಮೊದಲು, ಬೆಳಗಿನ ಜಾವಕ್ಕೇ ಬಂದವರಾಗಿದ್ದರು.

ನಮ್ಮ ಕಡೆ ಊರಹಬ್ಬದಲ್ಲಾಗಲಿ ಬೀಗರೂಟದಲ್ಲಾಗಲಿ ಬಡಿಸುವವನು ಭಾವನೋ ಬಾಮೈದನೋ ಆಗಿರುತ್ತಾನೆ, ಅವನನ್ನು ಎಲ್ಲರೂ ಹೆಸರು ಹಿಡಿದು ಕೂಗಿ, ಒತ್ತಾಯ ಮಾಡಿ, ಕೊನೆಗೆ ಅವನನ್ನೂ ಕೂರಿಸಿ ಉಣ್ಣಿಸುತ್ತಾರೆ. ಬಡಿಸುವ ಕೆಲಸ ಕೀಳು ಎಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಆದರೆ ಅದೇ ಊಟದಲ್ಲಿ ಎಂಜಲೆಲೆ ಎತ್ತುವವರು ಯಾರು ಎಂಬುದನ್ನು ಬಹಳ ಕಾಲ ಜಾತಿಯೇ ತೀರ್ಮಾನಿಸುತ್ತಿತ್ತು ಎಂದು ನಮ್ಮ ಅಜ್ಜ ಹೇಳುತ್ತಾರೆ. ಈ ಚರ್ಚೆಯಲ್ಲಿ ಆ ಶಬ್ದ ಇದುವರೆಗೆ ಬಂದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಪ್ರತಿಕ್ರಿಯೆ: ರಂಗಾಸಕ್ತರು, ಅಶೋಕಪುರಂ

ವಿದ್ಯಾರ್ಥಿ ಮಿತ್ರರು ಹೇಳಬೇಕಾದದ್ದನ್ನು ಹೇಳಿದ್ದಾರೆ. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು. ಸಭಾಂಗಣದ ಶೌಚಾಲಯ ತೊಳೆಯಲು ಬರುವವರ ವಿಷಯದಲ್ಲೂ ಪರಿಸ್ಥಿತಿ ಬೇರೆಯಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ನಡುವೆ ಮೈಸೂರು ಮೊದಲ ಸ್ಥಾನ ಪಡೆದಾಗ ನಾವೆಲ್ಲ ಎದೆಯುಬ್ಬಿಸಿ ನಡೆದೆವು. ಪ್ರತಿವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಕೊರೊನಾ ಕಾಲದ 2020ರ ಸರಳ ದಸರೆಯಲ್ಲಿ ಕೊರೊನಾ ಯೋಧರ ಸಾಲಿನಲ್ಲಿ ಪೌರಕಾರ್ಮಿಕರನ್ನೂ ಗೌರವಿಸಲಾಯಿತು, ಅದು ಮನಸ್ಸಿಗೆ ಹಿತವೆನಿಸಿದ ಸಂಗತಿ. ಸನ್ಮಾನ ಬೇಡವೆಂದು ನಾನು ಹೇಳುವುದಿಲ್ಲ. ಸನ್ಮಾನದ ಮರುದಿನ ಅದೇ ಹೆಣ್ಣುಮಗಳು ನೀರು ಕೇಳಿದರೆ ಕ್ಯಾನಿನಿಂದ ಹಿಡಿದುಕೊಳ್ಳಲು ಎಲ್ಲರಿಗೂ ಕೊಡುವ ಲೋಟವನ್ನೇ ಕೊಡುತ್ತೇವೆಯೇ ಎಂಬುದು ನನ್ನ ಪ್ರಶ್ನೆ. ಕಲಾವಿದರಿಗೂ ಸ್ವಯಂಸೇವಕರಿಗೂ ಒಂದು ಕಡೆ ಊಟ ಹಾಕಿ, ಸ್ವಚ್ಛತೆಯವರಿಗೆ ಕೊನೆಯಲ್ಲಿ ಉಳಿದದ್ದನ್ನು ಕಟ್ಟಿಕೊಟ್ಟು ಕಳುಹಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಆ ಸಂಜೆ ವೇದಿಕೆಯ ಮೇಲೆ ಸಮಾನತೆಯ ನಾಟಕವೇ ನಡೆದಿರಬಹುದು.

ಸರಸ್ವತಿಪುರಂನ ಮೇಡಂ ಅವರ ಸಲಹೆಯ ಬಗ್ಗೆ ನನಗೆ ಗೌರವವಿದೆ, ಆದರೆ ವೇದಿಕೆಗೆ ಕರೆಯುವ ಮೊದಲು ಅವರನ್ನೇ ಕೇಳಬೇಕು. ಸಮವಸ್ತ್ರದಲ್ಲಿ, ಒದ್ದೆ ಕಾಲಿನಲ್ಲಿ, ಫೋಟೋಗಳ ಎದುರು ನಿಲ್ಲುವುದು ಎಲ್ಲರಿಗೂ ಇಷ್ಟವಾಗಲಾರದು.

ಪ್ರತಿಕ್ರಿಯೆ: ಸಂಗೀತ ಸಭೆಯೊಂದರ ಪದಾಧಿಕಾರಿ, ಚಾಮುಂಡಿಪುರಂ

ಆಯೋಜಕರ ಮೇಲೆ ಬಂದಿರುವ ಆಕ್ಷೇಪಗಳನ್ನು ಓದಿದೆ. ಹೂಟಗಳ್ಳಿಯ ಮಿತ್ರರು ಬರೆದದ್ದು ಸುಳ್ಳೆಂದು ನಾನು ಹೇಳಲಾರೆ. ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಬೇಕು. ನಮ್ಮಂಥ ಸಭೆಗಳ ಹೆಚ್ಚಿನ ಕಛೇರಿಗಳಿಗೆ ಪ್ರವೇಶ ಉಚಿತ, ಇಲ್ಲವೆ ವರ್ಷಕ್ಕೊಮ್ಮೆ ಸದಸ್ಯತ್ವದ ಹಣ. ಸಭಾಂಗಣದ ಬಾಡಿಗೆ, ಮೈಕ್‌ಸೆಟ್ಟು, ಕಲಾವಿದರ ಸಂಭಾವನೆ, ಹೊರ ಊರಿನವರಾದರೆ ಪ್ರಯಾಣ ಮತ್ತು ವಸತಿ, ಇಷ್ಟನ್ನು ಹೊಂದಿಸುವಷ್ಟರಲ್ಲಿ ಖಜಾಂಚಿಯವರ ಕೈ ಖಾಲಿಯಾಗುತ್ತದೆ. ಕೊನೆಗಳಿಗೆಯಲ್ಲಿ ಒಬ್ಬ ದಾನಿ ಹತ್ತು ಮಂದಿ ನೆಂಟರೊಡನೆ ಬಂದರೆ ಮುಂದಿನ ಸಾಲಿನಲ್ಲಿ ಜಾಗ ಮಾಡದೆ ಬೇರೆ ದಾರಿಯಿಲ್ಲ, ಏಕೆಂದರೆ ಅವರು ಮುನಿಸಿಕೊಂಡರೆ ಮುಂದಿನ ವರ್ಷದ ಒಂದು ಕಛೇರಿಯೇ ನಿಂತುಹೋಗುತ್ತದೆ. ಆದರೆ ಬಾಗಿಲಲ್ಲಿ ತಡೆದವರನ್ನು ಅವರೆದುರು ಗದರಿಸುವ ಅಗತ್ಯ ಖಂಡಿತ ಇಲ್ಲ. "ಇವರು ನಾನು ಹೇಳಿದಂತೆಯೇ ಮಾಡಿದ್ದಾರೆ, ತಮ್ಮ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿತ್ತು" ಎಂದು ಹೇಳಿದರೆ ದಾನಿಗೂ ನೋವಾಗದು, ಕೆಲಸಗಾರರ ಮಾತೂ ಉಳಿಯುತ್ತದೆ.

ಸ್ವಯಂಸೇವಕರ ಬಗ್ಗೆ ಒಂದು ಆತಂಕವನ್ನು ಇಲ್ಲಿ ಹೇಳಿಬಿಡುತ್ತೇನೆ. ಯುವಕರು ಉಚಿತವಾಗಿ ಬರುತ್ತಾರೆಂದ ಮೇಲೆ ಕೂಲಿ ಕೊಟ್ಟು ಇಬ್ಬರನ್ನು ಕರೆಸುವುದೇಕೆ ಎಂಬ ಮಾತು ಸಮಿತಿಗಳಲ್ಲಿ ಬರುತ್ತದೆ. ಕುರ್ಚಿ ಸಾಗಿಸಲು, ಸಭಾಂಗಣ ಗುಡಿಸಲು ವಿದ್ಯಾರ್ಥಿಗಳನ್ನು ಹಚ್ಚಿ ಅದನ್ನು ಶ್ರಮದಾನ ಎಂದು ಕರೆದರೆ, ಅಷ್ಟರ ಮಟ್ಟಿಗೆ ಯಾರದೋ ಒಂದು ದಿನದ ಕೂಲಿ ತಪ್ಪಿತೆಂದೇ ಅರ್ಥ. ಆಸನ ತೋರಿಸುವುದು, ಕಾರ್ಯಕ್ರಮ ಪಟ್ಟಿ ಹಂಚುವುದು, ವಯಸ್ಸಾದವರನ್ನು ಕೈಹಿಡಿದು ಕೂರಿಸುವುದು ಸ್ವಯಂಸೇವಕರ ಕೆಲಸವಾಗಿರಲಿ. ಕೂಲಿಯ ಕೆಲಸ ಕೂಲಿಯವರದಾಗಿಯೇ ಇರಲಿ.

ಪ್ರತಿಕ್ರಿಯೆ: ಮೂಲ ಬರಹದ ಲೇಖಕಿ

ಎಲ್ಲರಿಗೂ ಕೃತಜ್ಞತೆಗಳು. ನಾನು ಪ್ರೇಕ್ಷಕರ ದನಿಯ ಬಗ್ಗೆ ಆರಂಭಿಸಿದ ಚರ್ಚೆಯನ್ನು ಹೂಟಗಳ್ಳಿಯ ಅಣ್ಣನವರು ಆಯೋಜಕರ ಕಡೆಗೆ ತಿರುಗಿಸಿದ್ದು ಸರಿಯಾಯಿತು. ಪ್ರೇಕ್ಷಕರು ಯಾರೊಡನೆ ಹೇಗೆ ಮಾತನಾಡಬಹುದೆಂಬುದನ್ನು ಕಲಿಯುವುದು ಬಾಗಿಲಲ್ಲಿ ತಾವು ಕಣ್ಣಾರೆ ಕಂಡದ್ದರಿಂದಲೇ.

ಸ್ವಯಂಸೇವಕರು ತಾವಾಗಿಯೇ ಮಾಡಬಹುದಾದದ್ದು ಕೆಲವಿದೆ. ಪ್ರೇಕ್ಷಕರು ಸೆಕ್ಯುರಿಟಿಯವರನ್ನು ಗದರಿಸುವಾಗ ನಾವು ಮಧ್ಯೆ ಹೋಗಿ ಅದೇ ಮಾತನ್ನು ಇಂಪಾಗಿ ಹೇಳಿ ಸಮಾಧಾನಪಡಿಸಿದರೆ ಸಾಲದು. ಹಾಗೆ ಮಾಡಿದರೆ ಅವರ ಮಾತಿಗಿಂತ ನಮ್ಮ ಮಾತು ಹೆಚ್ಚೆಂದು ನಾವೇ ಸಾಬೀತುಪಡಿಸಿದಂತಾಗುತ್ತದೆ. "ಇವರು ಹೇಳಿದ್ದೇ ಇಲ್ಲಿಯ ನಿಯಮ ಸಾರ್, ದಯವಿಟ್ಟು ಇವರೊಡನೆ ಮರ್ಯಾದೆಯಿಂದ ಮಾತನಾಡಿ" ಎಂದು ಅವರ ಪಕ್ಕದಲ್ಲಿ ನಿಂತು ಹೇಳಬೇಕು. ನಮ್ಮ ಗುಂಪಿನ ಹುಡುಗಿಯೊಬ್ಬಳು ಹೀಗೆಯೇ ಹೇಳತೊಡಗಿದಾಗ ಕೆಲವರು ಸಿಟ್ಟಾದರು, ಒಬ್ಬಿಬ್ಬರು ತಿರುಗಿ ಬಂದು ಸೆಕ್ಯುರಿಟಿಯವರ ಕ್ಷಮೆ ಕೇಳಿದರು. ಎರಡನ್ನೂ ನಾನು ಕಂಡಿದ್ದೇನೆ. ಬ್ಯಾಡ್ಜಿನ ವಿಷಯವನ್ನು ಮುಂದಿನ ಕಾರ್ಯಕ್ರಮದ ಸಿದ್ಧತಾ ಸಭೆಯಲ್ಲಿ ಎತ್ತುತ್ತೇನೆ: ಬಯಸುವ ಸಿಬ್ಬಂದಿಗೂ ನಮ್ಮಂತೆಯೇ ಹೆಸರಿನ ಬ್ಯಾಡ್ಜ್, ಬಾಗಿಲಿಗೊಂದು ಕುರ್ಚಿ, ಒಂದೇ ಪಂಕ್ತಿಯಲ್ಲಿ ಊಟ.

ಪದಾಧಿಕಾರಿಗಳಲ್ಲಿ ಒಂದು ಪ್ರಶ್ನೆ. ರಾತ್ರಿ ಒಂಬತ್ತೂವರೆ ಮೀರಿದರೆ ಸ್ವಚ್ಛತೆಯ ಸಿಬ್ಬಂದಿಯ ಆಟೊ ಬಾಡಿಗೆಯನ್ನು ಸಭೆಯೇ ಕೊಡಬಹುದೇ?

ಪ್ರತಿಕ್ರಿಯೆ: ಸಂಗೀತ ಸಭೆಯೊಂದರ ಪದಾಧಿಕಾರಿ, ಚಾಮುಂಡಿಪುರಂ

ನಿನ್ನೆಯ ಸಮಿತಿ ಸಭೆಯಲ್ಲಿ ಈ ಪ್ರಸ್ತಾಪ ಇಟ್ಟೆ. ಅದು ಗುತ್ತಿಗೆದಾರರ ಹೊಣೆ, ಒಮ್ಮೆ ಕೊಟ್ಟರೆ ಪದ್ಧತಿಯಾಗುತ್ತದೆ ಎಂದು ಇಬ್ಬರು ಆಕ್ಷೇಪಿಸಿದರು. ಪದ್ಧತಿಯಾಗಲಿ ಎಂದೇ ಕೇಳುತ್ತಿದ್ದೇನೆ ಎಂದು ಹೇಳಿದೆ. ಬರುವ ಋತುವಿನ ಕಛೇರಿಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿದೆ. ಅಂದಾಜು ಪಟ್ಟಿಯಲ್ಲಿ ಮೈಕ್‌ಸೆಟ್ಟಿನ ಕೆಳಗೆ ಆಟೊ ಬಾಡಿಗೆ ಎಂದು ಪ್ರತ್ಯೇಕ ಸಾಲು ಬರೆದಿದ್ದೇವೆ. ಹೂವಿನ ಹಾರದ ಖರ್ಚನ್ನು ಅಷ್ಟು ಕಡಿಮೆ ಮಾಡುತ್ತೇವೆ. ಕೆಸರೆಯ ಕಡೆಗೆ ರಾತ್ರಿ ಹೊತ್ತು ನಂಬಿಕೆಯ ಆಟೊದವರು ಗೊತ್ತಿದ್ದರೆ ಹೂಟಗಳ್ಳಿಯ ಮಿತ್ರರು ದಯವಿಟ್ಟು ತಿಳಿಸಬೇಕು.